ಕೆಂಪೇಗೌಡ ರಸ್ತೆಯ ಪ್ರೇಕ್ಷಕ

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ಹೊರಟು, ಪಶ್ಚಿಮದ ಕಡೆಗೆ ಸಾಗಿ, ಬಸ್ ನಿಲ್ದಾಣದ ಗದ್ದಲದಲ್ಲಿ ಕರಗಿಹೋಗುವ ಕೆಂಪೇಗೌಡ ರಸ್ತೆ ಉದ್ದದಲ್ಲಿ ಹೇಳಿಕೊಳ್ಳುವಂಥದಲ್ಲ. ಕಾಲಿನಲ್ಲಿ ಶಕ್ತಿಯಿರುವವನು ಅದನ್ನು ಕಾಲು ಗಂಟೆಯಲ್ಲಿ ದಾಟಿಬಿಡಬಹುದು. ಆದರೆ ಹಿಂದೊಮ್ಮೆ ಹಾಗೆ ದಾಟಿದವನನ್ನು ಬೆಂಗಳೂರಿಗನೆಂದು ಒಪ್ಪುವುದು ಕಷ್ಟವಾಗುತ್ತಿತ್ತು. ಹೆಜ್ಜೆಗೊಂದು ಚಿತ್ರಮಂದಿರ, ಪ್ರತಿಯೊಂದರ ಮುಂದೆಯೂ ಮೂರು ಆಳೆತ್ತರದ ನಾಯಕ, ಅವನ ಕೊರಳಲ್ಲಿ ಚೆಂಡುಹೂವಿನ ಹಾರ, ಗೇಟಿನಲ್ಲಿ ‘ಹೌಸ್‌ಫುಲ್’ ಫಲಕ, ಫಲಕದ ನೆರಳಿನಲ್ಲೇ ನಿಂತು ಪಿಸುದನಿಯಲ್ಲಿ ಬಾಲ್ಕನಿಯ ಬೆಲೆ ಹೇಳುವ ಬ್ಲಾಕ್ ಟಿಕೆಟ್ಟಿನ ವ್ಯಾಪಾರಿ. ಇಷ್ಟನ್ನೂ ನಿಂತು ನೋಡದೆ ಮುಂದೆ ಹೋಗುವ ವೈರಾಗ್ಯ ಸಾಮಾನ್ಯರಿಗೆ ಎಲ್ಲಿಂದ ಬರಬೇಕು?

ಈಗ ಬಸ್ಸುಗಳು ನಿಲ್ಲುವ ತಗ್ಗು ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಹೋಯಿತು, ನಿಲ್ದಾಣ ಬಂದಿತು. ಆ ನಿಲ್ದಾಣಕ್ಕೆ ಸರಕಾರ ಇಟ್ಟ ಹೆಸರು ಕೆಂಪೇಗೌಡರದು. ಜನ ಇಟ್ಟ ಹೆಸರು ಮಾತ್ರ ಒಂದು ಸಿನಿಮಾ ಟಾಕೀಸಿನದು. ಮೆಜೆಸ್ಟಿಕ್ ಚಿತ್ರಮಂದಿರ ಇಲ್ಲವಾಗಿ ಎಷ್ಟೋ ಕಾಲವಾಯಿತು; ಕಂಡಕ್ಟರುಗಳು ಇಂದಿಗೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದೇ ಕೂಗುತ್ತಾರೆ. ನೆಲದೊಳಗೆ ಓಡುವ ಮೆಟ್ರೋ ರೈಲಿನ ನಿಲ್ದಾಣವೂ ಆ ಹೆಸರನ್ನು ಬಿಡಲಾರದೆ ಕೆಂಪೇಗೌಡರ ಪಕ್ಕದಲ್ಲಿ ಅದಕ್ಕೊಂದು ಜಾಗ ಕೊಟ್ಟಿದೆ. ಕಟ್ಟಡ ಅಳಿದ ಮೇಲೂ ಹೆಸರು ಇಷ್ಟು ಗಟ್ಟಿಯಾಗಿ ಉಳಿಯುವ ಭಾಗ್ಯ ಎಷ್ಟೋ ಅರಮನೆಗಳಿಗೂ ಇಲ್ಲ.

ಅಳಿದ ಕಟ್ಟಡಗಳ ಪಟ್ಟಿ ಚಿಕ್ಕದಲ್ಲ. ಅಲಂಕಾರ್, ಕಲ್ಪನಾ, ಗೀತಾ, ಹಿಮಾಲಯ, ಸಾಗರ್ ಒಂದೊಂದಾಗಿ ಬಾಗಿಲು ಹಾಕಿದವು. ಅಲಂಕಾರ್ ಇದ್ದಲ್ಲಿ ಅಂಗಡಿಗಳ ಸಂಕೀರ್ಣ ಎದ್ದಿತು. 1968ರಲ್ಲಿ ಸಿನೆರಾಮಾ ಎಂಬ ವಿಸ್ತಾರವಾದ ಬಾಗು ಪರದೆಯೊಡನೆ ತೆರೆದು ಊರಿಗೆ ಊರನ್ನೇ ಬೆರಗುಗೊಳಿಸಿದ ಕಪಾಲಿ 2017ರಲ್ಲಿ ಮುಚ್ಚಿ, ಸುತ್ತಿಗೆಯ ಪೆಟ್ಟಿಗೆ ಬಿದ್ದಿತು. ಸ್ಯಾಂಕಿ ರಸ್ತೆಯ ಕಾವೇರಿ ಈ ಬೀದಿಗೆ ದೂರವಾದರೂ ಅದೇ ಬಳಗದ್ದು. 1974ರಿಂದ ನಡೆದು ಬಂದು 2024ರಲ್ಲಿ ಕಣ್ಣು ಮುಚ್ಚಿತು. ಹಾಗೆಂದು ರಸ್ತೆ ಪೂರಾ ಬರಿದಾಗಿಲ್ಲ. ದೊಡ್ಡ ಚಿತ್ರವೊಂದು ತೆರೆಕಂಡಾಗ ಅದಕ್ಕೊಂದು ‘ಮುಖ್ಯ ಚಿತ್ರಮಂದಿರ’ ಇಲ್ಲಿಯೇ ಇರಬೇಕೆಂಬುದು ಗಾಂಧಿನಗರದ ಹಳೆಯ ನಂಬಿಕೆ. ಆ ಬೆಳಗ್ಗೆ ಡೊಳ್ಳು, ಪಟಾಕಿ, ಹಾಲಿನ ಅಭಿಷೇಕ ಎಲ್ಲವೂ ನಡೆಯುತ್ತವೆ. ಪರದೆಯ ನಾಯಕನಿಗೆ ಹಾಲೆರೆಯುವ ಅಭಿಮಾನಿಯ ಮನೆಯಲ್ಲಿ ಆ ದಿನ ಕಾಫಿಗೆ ಹಾಲಿತ್ತೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ.

ಈ ರಸ್ತೆಗೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ತಪ್ಪದೆ ಬರುತ್ತಿರುವ ಒಬ್ಬ ಪ್ರೇಕ್ಷಕರಿದ್ದಾರೆ. ಶ್ರೀರಾಮಪುರದವರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಎಪ್ಪತ್ತನ್ನು ದಾಟಿ ಬಹುಕಾಲವಾಯಿತು. ಪತ್ರಿಕೆಗಳ ವಿಮರ್ಶೆಯನ್ನು ಓದಿ ಚಿತ್ರಕ್ಕೆ ಹೋಗುವವರಲ್ಲ. ಚಿತ್ರ ನೋಡಿಬಂದು, ವಿಮರ್ಶೆಯನ್ನು ವಿಮರ್ಶಿಸುವವರು. ಅವರದೊಂದು ನಿಯಮವಿತ್ತು. ‘ಮೊದಲನೆಯ ವಾರ ಅಭಿಮಾನಿಗಳದು, ಎರಡನೆಯ ವಾರ ಪ್ರೇಕ್ಷಕರದು’ ಎನ್ನುತ್ತಿದ್ದರು. ಮೊದಲ ವಾರದ ಶಿಳ್ಳೆ, ಚಿಲ್ಲರೆ ತೂರಾಟಗಳೆಲ್ಲ ಅಡಗಿದ ಮೇಲೆ ಶಾಂತವಾಗಿ ಕುಳಿತು, ಮಾತು ಕಿವಿಗೆ ಬೀಳುವಂತೆ ನೋಡಬೇಕೆಂಬುದು ಅವರ ಲೆಕ್ಕ. ಈಚೆಗೆ ಆ ನಿಯಮವನ್ನು ಅವರು ಕೈಬಿಡಬೇಕಾಯಿತು. ಎರಡನೆಯ ವಾರಕ್ಕೆ ಹೋದರೆ ಗೋಡೆಯ ಮೇಲೆ ಬೇರೆ ಚಿತ್ರದ ಪೋಸ್ಟರು ಅಂಟಿರುತ್ತದೆ.

ಇದು ಚಿಲ್ಲರೆ ವಿಷಯವೆಂದು ತೋರಬಹುದು, ಅಲ್ಲ. 1972ರಲ್ಲಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ಇದೇ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಮುಂದೆ ಭೂಮಿಕಾ ಎಂದು ಹೆಸರು ಬದಲಿಸಿಕೊಂಡ ಅದೇ ಕಟ್ಟಡದಲ್ಲಿ, ಎರಡು ವರ್ಷ ನಡೆಯಿತು. ಎರಡು ವರ್ಷವೆಂದರೆ ಆ ಮಧ್ಯೆ ಮದುವೆಯಾದವರಿಗೆ ಮಕ್ಕಳಾಗುವಷ್ಟು ಕಾಲ. ಈ ಪ್ರೇಕ್ಷಕರ ವಿಷಯದಲ್ಲಿ ಹಾಗೆಯೇ ಆಯಿತು. ಮದುವೆಯ ಹೊಸತರಲ್ಲಿ ಪತ್ನಿಯೊಡನೆ ಹೋಗಿ ನೋಡಿದ ಚಿತ್ರವನ್ನೇ, ಹಸುಗೂಸನ್ನು ತಾಯಿಯ ಬಳಿ ಬಿಟ್ಟು ಮತ್ತೊಮ್ಮೆ ನೋಡಿದರು. ಟಿ. ಕೆ. ರಾಮರಾಯರ ಕಾದಂಬರಿಯಿಂದ ಬಂದ ಆ ಕಥೆಯ ಕೊನೆಯನ್ನು ಬಲ್ಲವರು ಬಲ್ಲರು: ಬಂಜರನ್ನು ಹಸನು ಮಾಡಿದ ರಾಜೀವ ತನ್ನವರಿಂದಲೇ ನೊಂದು, ಯಾರಿಗೂ ಹೇಳದೆ ಊರು ಬಿಟ್ಟು ಹೋಗುತ್ತಾನೆ. ಎಲ್ಲಿಗೆ ಹೋದ? ಮತ್ತೆ ಬಂದನೆ? ಚಿತ್ರ ಹೇಳುವುದಿಲ್ಲ.

ಆ ಪ್ರಶ್ನೆಯನ್ನು ಹಿಡಿದು ದಂಪತಿಗಳು ರಸ್ತೆಯುದ್ದಕ್ಕೂ ವಾದಿಸಿದರಂತೆ. ‘ರೀ, ಹೊಲ ಬಿಟ್ಟು ಅವನು ಬದುಕ್ತಾನಾ? ಮಳೆಗಾಲಕ್ಕೆ ಬಂದೇ ಬರ್ತಾನೆ’ ಎಂಬುದು ಆಕೆಯ ಪಕ್ಷ. ಹೋದವನು ಹಿಂದಿರುಗಿದರೆ ಅವನ ದೊಡ್ಡತನವೆಲ್ಲಿ ಉಳಿಯಿತು ಎಂಬುದು ಇವರ ಪಕ್ಷ. ಮನೆ ಬಂದರೂ ವಾದ ಮುಗಿಯಲಿಲ್ಲ. ನಲವತ್ತು ವರ್ಷ ನಡೆಯಿತು. ಈಗ ಒಂದು ಪಕ್ಷ ಮಾತ್ರ ಉಳಿದಿದೆ. ಎದುರು ಪಕ್ಷವಿಲ್ಲದ ಮೇಲೆ ಗೆದ್ದೆನೆನ್ನಲೂ ಅವರಿಗೆ ಮನಸ್ಸು ಬಾರದು.

ಕಥೆಯ ಮುಂದಿನ ಭಾಗ ಹೀಗೆ ಪ್ರೇಕ್ಷಕನ ಸೊತ್ತಾಗಿದ್ದ ರಸ್ತೆ ಇದು. ಈಗ ಆ ಭಾಗವನ್ನು ನಿರ್ಮಾಪಕರೇ ಕಾಯ್ದಿರಿಸಿಕೊಳ್ಳುತ್ತಾರೆ. 2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಮೊದಲ ಅಧ್ಯಾಯವೆಂಬ ಹಣೆಪಟ್ಟಿಯೊಡನೆ ಬಂದಾಗ ಇವರು ಟಿಕೆಟ್ ಕಿಟಕಿಯ ಮುಂದೆ ಕ್ಷಣಕಾಲ ಅನುಮಾನಿಸಿದರಂತೆ: ಅರ್ಧ ಕಥೆಗೆ ಪೂರ್ತಿ ಹಣವೆ? ಆದರೆ ಚಿತ್ರವನ್ನು ಮೆಚ್ಚಿದರು. ಯಶ್ ಅವರ ನಡಿಗೆಗಿಂತಲೂ ಹೆಚ್ಚಾಗಿ ಮೆಚ್ಚಿದ್ದು ಕಥೆ ಹೇಳುವ ಅನಂತನಾಗ್ ಅವರ ಧ್ವನಿಯನ್ನು. ನಂಬಲಾಗದ್ದನ್ನು ಹಿರಿಯರೊಬ್ಬರು ಗಂಭೀರವಾಗಿ ಹೇಳಿದರೆ ನಂಬಲೇಬೇಕಾಗುತ್ತದೆ. 2022ರ ಏಪ್ರಿಲಿನಲ್ಲಿ ಬಂದ ಎರಡನೆಯ ಅಧ್ಯಾಯದಲ್ಲಿ ಕಥೆಗಾರರು ಬದಲಾಗಿ ಪ್ರಕಾಶ್ ರೈ ಬಂದರು, ಬಂದೂಕುಗಳು ಹೆಚ್ಚಾದವು, ಪ್ರಧಾನಮಂತ್ರಿಯವರೂ ಕಥೆಯೊಳಕ್ಕೆ ಬಂದರು. ದೇಶವೆಲ್ಲ ಕನ್ನಡ ಚಿತ್ರದ ಕಡೆ ತಿರುಗಿ ನೋಡಿತೆಂಬ ಹೆಮ್ಮೆ ಇವರಿಗೂ ಇದೆ. ಆದರೂ ಒಂದು ಆಕ್ಷೇಪ: ನಿಜವಾದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಬರುವವರ ಕಥೆಗೆ ಮಾತ್ರ ಯಾರೂ ಎರಡನೆಯ ಅಧ್ಯಾಯ ಬರೆಯಲಿಲ್ಲ. ಚಿತ್ರದ ಕೊನೆಯಲ್ಲಿ ಮೂರನೆಯದರ ಸೂಚನೆ ಕಂಡಾಗ ಅವರು ಚಪ್ಪಲಿ ಹುಡುಕುತ್ತಿದ್ದರು.

ಹಾಗೆಂದು ಎರಡನೆಯ ಭಾಗವೆಂದರೆ ಮೂಗು ಮುರಿಯುವ ಜಾತಿಯವರಲ್ಲ. ಈ ಪದ್ಧತಿ ನಿನ್ನೆ ಮೊನ್ನೆಯದೂ ಅಲ್ಲ. 1968ರ ‘ಜೇಡರ ಬಲೆ’ಯಿಂದ ಮೊದಲುಗೊಂಡು ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಪತ್ತೇದಾರ 999 ಆಗಿ ಮತ್ತೆ ಮತ್ತೆ ಕರೆತಂದಿತು. ಅಲ್ಲಿ ಸಾಲವೇನೂ ಉಳಿಯುತ್ತಿರಲಿಲ್ಲ. ಪ್ರತಿಯೊಂದು ಚಿತ್ರವೂ ತನ್ನ ಕಳ್ಳರನ್ನು ತಾನೇ ಹಿಡಿದು ಮನೆಗೆ ಕಳುಹಿಸುತ್ತಿತ್ತು. ಇನ್ನು ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’ಗಳ ಸಂಗತಿ ಬಂದರೆ ಇವರ ಧ್ವನಿ ತಗ್ಗುತ್ತದೆ. 2004ರ ಆಗಸ್ಟಿನಲ್ಲಿ ಮೊದಲನೆಯದು ತೆರೆಗೆ ಬಂದಾಗ ನಾಯಕಿ ಸೌಂದರ್ಯ ಇರಲಿಲ್ಲ. ಆ ವರ್ಷದ ಏಪ್ರಿಲಿನಲ್ಲೇ ವಿಮಾನದ ದುರಂತದಲ್ಲಿ ಹೋಗಿದ್ದರು. 2010ರ ಫೆಬ್ರವರಿಯಲ್ಲಿ ಎರಡನೆಯದು ಬಂದಾಗ ವಿಷ್ಣುವರ್ಧನ್ ಇರಲಿಲ್ಲ. ಹಿಂದಿನ ಡಿಸೆಂಬರ್ 30ರಂದು ತೀರಿಕೊಂಡಿದ್ದರು. ಪರದೆಯ ಮೇಲೆ ನಗುತ್ತಿದ್ದವರನ್ನು ನೋಡಿ ಕೆಳಗೆ ಅಳುತ್ತಿದ್ದ ಆ ಎರಡು ಜನಸಂದಣಿಗಳನ್ನು ಕಂಡವರಿಗೆ ಚಿತ್ರದ ಗುಣದೋಷವನ್ನು ತೂಗುವ ಧೈರ್ಯ ಬರುವುದಿಲ್ಲ.

‘ಮುಂಗಾರು ಮಳೆ’ಯ ಮಾತು ಬೇರೆ. 2006ರ ಕೊನೆಯಲ್ಲಿ ಬಂದ ಯೋಗರಾಜ ಭಟ್ಟರ ಆ ಚಿತ್ರ ಮಲ್ಟಿಪ್ಲೆಕ್ಸಿನಲ್ಲಿಯೂ ವರ್ಷಕ್ಕೂ ಮಿಗಿಲಾಗಿ ನಿಂತಿತು. ಹತ್ತು ವರ್ಷದ ನಂತರ, ಬೇರೆ ನಿರ್ದೇಶಕರ ಕೈಯಲ್ಲಿ, ಅದೇ ಹೆಸರಿಗೆ 2 ಎಂಬ ಅಂಕೆ ಸೇರಿ ಇನ್ನೊಂದು ಬಂದಿತು. ಮಳೆಯೇನೋ ಅದರಲ್ಲೂ ಧಾರಾಳವಾಗಿ ಸುರಿಯಿತು, ನೆನೆದವರು ಕಡಿಮೆ.

ಈಚಿನ ಚಿತ್ರಗಳ ಪೈಕಿ ಇವರ ಮೆಚ್ಚಿಗೆ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ಗೆ. ಕ್ಯಾಸೆಟ್ಟಿನ ಎರಡು ಮಗ್ಗುಲುಗಳಂತೆ ಅದನ್ನು ಎರಡಾಗಿ ಮಾಡಿ, 2023ರ ಸೆಪ್ಟೆಂಬರ್ 1ರಂದು ಒಂದನ್ನೂ ನವೆಂಬರ್ 17ರಂದು ಇನ್ನೊಂದನ್ನೂ ತೆರೆಗೆ ತಂದರು. ಸಾಹುಕಾರನ ಮಗ ಮಾಡಿದ ಅಪಘಾತವನ್ನು ಹಣಕ್ಕಾಗಿ ತನ್ನ ಮೇಲೆ ಎಳೆದುಕೊಂಡು ಜೈಲು ಸೇರುವ ಚಾಲಕನೊಬ್ಬನ ಕಥೆ. ಆ ಹನ್ನೊಂದು ವಾರ ಮನುವಿಗೆ ಮುಂದೇನಾಗುವುದೆಂಬ ಚಿಂತೆ ಇವರಿಗೆ ಹಳೆಯ ಕಾಲದ ರುಚಿಯನ್ನೇ ಕೊಟ್ಟಿತು. ಎರಡನೆಯ ಮಗ್ಗುಲನ್ನು ನೋಡಿದ ಮೇಲೆ ಮಾತ್ರ, ಮೊದಲನೆಯ ಮಗ್ಗುಲಿಗೇ ನಿಲ್ಲಿಸಿದ್ದರೂ ತನಗೆ ನಷ್ಟವಿರಲಿಲ್ಲ ಎನ್ನಿಸಿತಂತೆ. ‘ಭೈರತಿ ರಣಗಲ್’ ಬಗ್ಗೆಯೂ ಅಂಥದೇ ಅಭಿಪ್ರಾಯ. 2017ರ ‘ಮಫ್ತಿ’ಯಲ್ಲಿ ಶಿವರಾಜ್‌ಕುಮಾರ್ ತಡವಾಗಿ ಬಂದು, ಕಡಿಮೆ ಮಾತಾಡಿ, ಕಣ್ಣಿನಲ್ಲೇ ಗೆದ್ದಿದ್ದರು. 2024ರಲ್ಲಿ ಆ ಪಾತ್ರದ ಹಿಂದಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಾಗ ನಟನೆ ಎಲ್ಲಿಯೂ ಕುಂದಲಿಲ್ಲ. ಗುಟ್ಟು ಮಾತ್ರ ಬಯಲಾಯಿತು.

‘ಕಾಂತಾರ’ವನ್ನು ಕುರಿತಂತೂ ಇವರ ಮನೆಯಲ್ಲಿ ಎರಡು ಮತಗಳಿವೆ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡು, ಆಮೇಲೆ ಇತರ ಭಾಷೆಗಳಿಗೆ ಹರಿದ ಆ ಚಿತ್ರವನ್ನು ಇವರು ಬಹುದಿನಗಳ ಮೇಲೆ ಎರಡು ಸಲ ನೋಡಿದರು. ನೂರು ದಿನದ ಸಮಾರಂಭದಲ್ಲಿ ರಿಷಬ್ ಶೆಟ್ಟಿಯವರು, ಜನ ನೋಡಿದ್ದು ಎರಡನೆಯ ಭಾಗ, ಮೊದಲನೆಯದು ಇನ್ನು ಬರಬೇಕಾದದ್ದು ಎಂದು ಸಾರಿದಾಗ ಇವರಿಗೆ ನಗು ಬಂದಿತು. 2025ರ ಅಕ್ಟೋಬರ್ 2ರಂದು ಆ ಪೂರ್ವಕಥೆ ಕದಂಬರ ಕಾಲದ ವೈಭವದೊಡನೆ ಬಂದಿತು. ಮೊಮ್ಮಗಳು ಬೆರಗಾದಳು, ಅವಳಿಗೆ ಇಂಥ ಅರಣ್ಯ, ಇಂಥ ಅರಮನೆ, ಇಂಥ ಯುದ್ಧ ಕನ್ನಡದಲ್ಲಿ ಕಂಡದ್ದೇ ಇಲ್ಲ. ತಾತನಿಗೆ ಬೇಕಾದದ್ದು ಮೊದಲಿನ ಚಿತ್ರದ ಕಂಬಳದ ಕೆಸರು, ಅರಣ್ಯಾಧಿಕಾರಿಯ ಹಟ, ಊರವರ ಪೋಲಿ ಮಾತು. ಶಿವ ಕಾಡಿನೊಳಗೆ ಕಾಣೆಯಾದನಲ್ಲ, ಅಷ್ಟು ಸಾಕಾಗಿತ್ತು ಎನ್ನುತ್ತಾರೆ. ರಾಮಾಯಣದ ಪಾರಾಯಣವನ್ನು ಪಟ್ಟಾಭಿಷೇಕಕ್ಕೆ ಮುಗಿಸಿ, ಉತ್ತರಕಾಂಡಕ್ಕೆ ಹೋಗದಿರುವ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ಅವರಿಗೆ ಮುಂದಿನದು ತಿಳಿಯದೆಂದಲ್ಲ.

ಮೊಮ್ಮಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ‘ತಾತ, ನೀವು ಒಂದೇ ಪಿಕ್ಚರನ್ನ ಎರಡು ವರ್ಷ ನೋಡ್ತಿದ್ರಿ. ಈಗ ಎರಡು ವಾರ ಇದ್ರೆ ಹೆಚ್ಚು. ಅವರಾದರೂ ಏನ್ಮಾಡ್ತಾರೆ? ಹೋದವರು ಇನ್ನೊಂದು ಸಲ ಬರ್ತಾರೆ’ ಎಂದಳು. ಈ ಮಾತಿಗೆ ಇವರಲ್ಲಿ ಉತ್ತರವಿರಲಿಲ್ಲ. ಹಿಂದೆ ಚಿತ್ರವೊಂದು ಒಂದೇ ಗೋಡೆಯ ಮೇಲೆ ತಿಂಗಳುಗಟ್ಟಲೆ ಇದ್ದು, ಜನರ ನೆನಪಿನೊಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಇಂದು ನೂರಾರು ಪರದೆಗಳಲ್ಲಿ ಒಂದೇ ದಿನ ತೆರೆದು, ಮೂರು ವಾರದಲ್ಲಿ ಮುಗಿದು, ಮನೆಯ ದೂರದರ್ಶಕಕ್ಕೂ ಫೋನಿಗೂ ಹೋಗಿಬಿಡುತ್ತದೆ. ನೆನಪಿನಲ್ಲಿ ಉಳಿಯಲು ಕಾಲ ಸಾಲದ ಕಥೆ ಅಂಕೆ ಹಚ್ಚಿಕೊಂಡು ಮರಳಿ ಬರುತ್ತದೆ. ಆ ಎರಡು ವಾರದೊಳಗೆ ಹಣ ಹುಟ್ಟಬೇಕಾದ್ದರಿಂದ ಟಿಕೆಟ್ಟಿನ ಬೆಲೆಯೂ ಏರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು 200 ರೂಪಾಯಿಗೆ ಕಟ್ಟಿಹಾಕಲು ನೋಡಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆ ಕೊಟ್ಟಿತು. ಗಾಂಧಿ ಕ್ಲಾಸಿನಲ್ಲಿ ನೆಲದ ಬಳಿ ಕುಳಿತು ಸಿನಿಮಾ ಕಲಿತವರಿಗೆ ಇದೆಲ್ಲ ಬೇರೆ ಲೋಕದ ವ್ಯವಹಾರ.

ಆದರೂ ಅದೇ ವರ್ಷ ಜುಲೈನಲ್ಲಿ ಜೆ. ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಬಂದಾಗ ಈ ರಸ್ತೆ ಹಳೆಯ ಚಾಳಿಗೆ ಮರಳಿತು. ಕರಾವಳಿಯ ಒಂದು ಹಳ್ಳಿ, ಮೈಮೇಲೆ ಬಂದ ದೆವ್ವದ ಗುಲ್ಲು, ಹೆಸರಾಂತ ತಾರೆಯರಿಲ್ಲದ ಪಾತ್ರವರ್ಗ. ಮೊದಲ ದಿನ ನೋಡಿದವರು ಬಾಯಿಂದ ಬಾಯಿಗೆ ಹೇಳಿದರು. ಮರುದಿನ ಜನ ಸೇರಿದರು. ಇವರು ಎರಡನೆಯ ವಾರಕ್ಕೇ ಹೋದರು, ಚಿತ್ರ ಅಲ್ಲಿಯೇ ಇತ್ತು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಹೊರಬಂದವರು, ಪುಟ್‌ಪಾತಿನ ಕಡಲೆಕಾಯಿಯವನಿಗೂ ಕಥೆ ಹೇಳಿದರಂತೆ. ಅವನು ಆಗಲೇ ಎರಡು ಸಲ ನೋಡಿದ್ದ.

2017ರಲ್ಲಿ ‘ಬಂಗಾರ ಸನ್ ಆಫ್ ಬಂಗಾರದ ಮನುಷ್ಯ’ ಎಂಬ ಚಿತ್ರ ಬಂದಿದ್ದುಂಟು. ಹೆಸರು ಕೇಳಿ ಎದೆ ಹೊಡೆದುಕೊಂಡು ಹೋದರು; ರೈತರ ಬವಣೆಯ ಬೇರೊಂದು ಕಥೆಯೆಂದು ತಿಳಿದು ನಿರಾಳವಾಗಿ ನೋಡಿಬಂದರು. ರಾಜೀವನ ಸುದ್ದಿ ಅದರಲ್ಲಿರಲಿಲ್ಲ. ಮೊನ್ನೆ ಸಂತೋಷ್, ನರ್ತಕಿಗಳ ಮುಂದೆ ಹಾದು ಬಸ್ಸಿನ ಕಡೆ ನಡೆಯುವಾಗ ಮೊಮ್ಮಗಳು ಕೆಣಕಿದಳು: ‘ನಿಜವಾಗಿ ಎರಡನೇ ಭಾಗ ಮಾಡಿ, ರಾಜೀವ ವಾಪಸ್ ಬಂದ ಅಂತ ತೋರಿಸಿದ್ರೆ ನೋಡ್ತೀರಾ ತಾತ?’

ತಾತ ಬಹಳ ಹೊತ್ತು ಮಾತಾಡಲಿಲ್ಲ. ವೃತ್ತದ ದೀಪ ಹಸಿರಾಗಿ, ರಸ್ತೆ ದಾಟಿದ ಮೇಲೆ, ‘ನಿಮ್ಮಜ್ಜಿ ಹೇಳಿದ ಹಾಗೆ ಮಳೆಗಾಲದಲ್ಲಿ ಬರ್ತಾನೇನು?’ ಎಂದು ಕೇಳಿದರು.