ಸೊನ್ನೆ ಇದ್ದಲ್ಲಿ ಮೂವತ್ತು

ಇಂಗ್ಲಿಷಿನವರು ಹೇಗೆ ಉಚ್ಚರಿಸಿದರೂ ನಮ್ಮ ಬಾಯಲ್ಲಿ ಅದು ಪುಟ್ಟಿಯೇ. ಸೈಮನ್ ಟ್ಯಾಥಮ್ ಎಂಬಾತ ಬರೆದು ಪುಕ್ಕಟೆಯಾಗಿ ಹಂಚಿದ ಈ ಪುಟಾಣಿ ತಂತ್ರಾಂಶದ ಕೆಲಸ ಇಷ್ಟೇ: ಎಲ್ಲೋ ದೂರದಲ್ಲಿರುವ ಕಂಪ್ಯೂಟರಿಗೆ ನಮ್ಮ ಆಜ್ಞೆ ಮುಟ್ಟಿಸುವುದು, ಅದರ ಉತ್ತರವನ್ನು ಕಪ್ಪು ಕಿಟಕಿಯಲ್ಲಿ ತೋರಿಸುವುದು. ಆ ಕಿಟಕಿಯ ಅಗಲ 80 ಅಕ್ಷರ, ಎತ್ತರ 24 ಸಾಲು. 1978ರ ವಿಟಿ100 ಟರ್ಮಿನಲ್ಲಿಗೂ ಅದೇ ಅಳತೆ. ಯಂತ್ರ ಮೂಲೆ ಸೇರಿತು, ಅಳತೆ ಉಳಿದುಕೊಂಡಿತು.

ಅಮ್ಮನ ಸೊಂಟದ ಮೂಳೆ ಮುರಿದ ವರ್ಷ ನಾನು ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದೆ. ಕಚೇರಿಯವರು ಒಂದು ಷರತ್ತಿನ ಮೇಲೆ ಒಪ್ಪಿದ್ದರು: ರಾತ್ರಿ ಸರ್ವರಿನಲ್ಲಿ ಓಡುವ ಕೆಲಸ ನಡುವೆ ನಿಲ್ಲಕೂಡದು. ನಿಂತರೆ ನಾನು ವಾಪಸ್ ಹೋಗಬೇಕು. ಅಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಮೊದಲ ವಾರ ಅಮ್ಮನಿಗೆ ಮಗ್ಗುಲು ಬದಲಿಸಿ, ನೀರು ಕುಡಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಎರರ್ ಪೆಟ್ಟಿಗೆ ಕೂತಿರುತ್ತಿತ್ತು. ಸದ್ದಿಲ್ಲದ ಸಂಪರ್ಕವನ್ನು ನಡುವಿನ ರೂಟರುಗಳು ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತವೆ. ಪುಟ್ಟಿಯ ಕನೆಕ್ಷನ್ ಪುಟದಲ್ಲಿ ಕೀಪ್‌ಅಲೈವ್ ಎಂಬ ಒಂದು ಚೌಕವಿದೆ. ಅಲ್ಲಿ ಮೊದಲೇ ಸೊನ್ನೆ ಇರುತ್ತದೆ, ಎಂದರೆ ಸುಮ್ಮನಿರು ಎಂದರ್ಥ. ಅದನ್ನು 30 ಮಾಡಿದೆ. ಅರ್ಧ ನಿಮಿಷಕ್ಕೊಮ್ಮೆ ಅದು ಅರ್ಥವಿಲ್ಲದ ಒಂದು ಚೂರು ಸಂದೇಶ ಕಳಿಸುತ್ತದೆ, 'ಇದ್ದೇನೆ' ಅಂತ. ಆಮೇಲೆ ಸೆಷನ್ ಪುಟಕ್ಕೆ ಮರಳಿ ಸೇವ್ ಒತ್ತಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಸೊನ್ನೆಯೇ. ಇಷ್ಟು ಮುಖ್ಯವಾದ ಗುಂಡಿಯನ್ನು ಬೇರೆ ಪುಟದಲ್ಲಿಟ್ಟದ್ದು ಯಾವ ನ್ಯಾಯವೋ!

ಅದೇ ಕಿಟಕಿಯಲ್ಲಿ ಅಮ್ಮನ ಔಷಧಿಯ ಪಟ್ಟಿಯನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೆ. ಪ್ರತಿ ಅಕ್ಷರಕ್ಕೂ ಅಳೆದಿಟ್ಟ ಚೌಕ ಕೊಡುವ ಆ ಕಿಟಕಿಯಲ್ಲಿ ಯುಟಿಎಫ್-8 ಆರಿಸಿದರೂ 'ಮಾತ್ರೆ'ಯ ಒತ್ತು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಓದಲು ಅಭ್ಯಾಸವಾಯಿತು.

ಆದರೆ ಮೂವತ್ತರ ಉಪಾಯ ಮಳೆಗಾಲಕ್ಕೆ ಸಾಲದು. ಮರ ಬಿದ್ದು ತಂತಿಯೇ ಕಡಿದರೆ 'ಇದ್ದೇನೆ' ಎನ್ನುವ ಸಂದೇಶಕ್ಕೆ ಉತ್ತರ ಸಿಗದೆ ಪುಟ್ಟಿ ಇನ್ನೂ ಬೇಗ ಕೈಚೆಲ್ಲುತ್ತದೆ. ಸಂಪರ್ಕ ಹೋದದ್ದು ತಿಳಿದ ಸರ್ವರ್, ನಾವು ಶುರುಮಾಡಿದ ಕೆಲಸಕ್ಕೆ 'ಹ್ಯಾಂಗಪ್' ಎಂಬ ಸಂಕೇತ ಕಳಿಸಿ ಅದನ್ನು ಸಾಮಾನ್ಯವಾಗಿ ಕೊಲ್ಲುತ್ತದೆ. ಫೋನ್ ಇಟ್ಟ ಹಾಗೆ. ಹೆಸರೂ ಆ ಕಾಲದ್ದೇ. ಇದಕ್ಕೆ ಮದ್ದು 'ಸ್ಕ್ರೀನ್' ಎಂಬ ಆಜ್ಞೆ. ಅದರೊಳಗೆ ಶುರುಮಾಡಿದ ಕೆಲಸ ಸರ್ವರಿನಲ್ಲೇ ಉಳಿದು ಓಡುತ್ತಿರುತ್ತದೆ, ನಾವಿದ್ದರೂ ಹೋದರೂ.

ಜುಲೈನ ಒಂದು ರಾತ್ರಿ ಹನ್ನೊಂದಕ್ಕೇ ಎಲ್ಲ ಆರಿಹೋಯಿತು. ಬೆಳಿಗ್ಗೆ ಕರೆಂಟ್ ಬಂದ ಮೇಲೆ ಒಳಹೊಕ್ಕು 'ಸ್ಕ್ರೀನ್ -ಆರ್' ಎಂದು ಕುಟ್ಟಿದೆ. ರಾತ್ರಿಯ ಕೆಲಸ ಕೊನೆಯ ಸಾಲು ಬರೆದು ಮುಗಿಸಿತ್ತು.

ಅಷ್ಟರಲ್ಲಿ ಅಮ್ಮ ವಾಕರ್ ಹಿಡಿದು ಅಡುಗೆಮನೆ ಬಾಗಿಲವರೆಗೆ ಬಂದಿದ್ದಳು.

"ರಾತ್ರಿಯೆಲ್ಲ ಕರೆಂಟಿರ್ಲಿಲ್ವಲ್ಲೋ, ನಿನ್ ಕೆಲ್ಸ ಹಾಳಾಯ್ತೇನೋ?"

"ಇಲ್ಲಮ್ಮ, ಅದು ಅಲ್ಲಿ ನಡೀತಾನೇ ಇತ್ತು. ನೀನು ಕೂತ್ಕೋ" ಎಂದು ಕಾಫಿಗೆ ನೀರಿಟ್ಟೆ.