ಅಳೆಯುವ ಕೈ

ಸಾಗರದಿಂದ ಇಕ್ಕೇರಿಗೆ ಆರು ಕಿಲೋಮೀಟರ್. ಅಡಿಕೆ ಕೊಯ್ಲಿನ ದಿನಗಳು. ಬೆಳಿಗ್ಗೆ ಎಂಟಕ್ಕೆಲ್ಲ ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿದ್ದೆ, ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮಂಟಪದ ನಂದಿಯನ್ನು ನೋಡಿಕೊಂಡು ಗುಡಿಯೊಳಗೆ ಹೋದವನು ನೆಲ ನೋಡುತ್ತ ನಿಂತುಬಿಟ್ಟೆ. ಕೆಳದಿಯ ಮೂವರು ಅರಸರು ಅಲ್ಲಿ ದೇವರಿಗೆ ಅಡ್ಡಬಿದ್ದಿದ್ದಾರೆ, ಕಲ್ಲಿನಲ್ಲಿ, ಹೆಸರು ಸಮೇತ.

ಇದು ಒಂದು ಕಾಲದ ರಾಜಧಾನಿ. ಇಕ್ಕೇರಿ ವರಹ ದೂರದೂರದ ಪೇಟೆಗಳಲ್ಲೂ ಸಲ್ಲುತ್ತಿತ್ತು. ಇದೇ ವಂಶದ ಶಿವಪ್ಪನಾಯಕ ಒಂದೊಂದು ಬಗೆಯ ಭೂಮಿಯಲ್ಲಿ ಹನ್ನೆರಡು ವರ್ಷ ಬೆಳೆ ತೆಗೆಸಿ, ಬಿತ್ತಿದ್ದೆಷ್ಟು ಬಂದದ್ದೆಷ್ಟು ಎಂದು ಲೆಕ್ಕವಿಟ್ಟು ಕಂದಾಯ ಕಟ್ಟಿದನೆನ್ನುತ್ತಾರೆ. ಅದೇ ಶಿವಪ್ಪನಾಯಕನ ಶಿಸ್ತು. ಅಷ್ಟು ಎಚ್ಚರದಿಂದ ನೆಲ ಅಳೆದ ಸೀಮೆಯಲ್ಲೇ ಹುಟ್ಟಾಳು, ಮಣ್ಣಾಳು ಎಂಬ ಮಾತುಗಳೂ ಇದ್ದವು. ಹುಟ್ಟಾಳು ಒಡೆಯನ ಮನೆಗೆ ಆಳಾಗಿಯೇ ಹುಟ್ಟಿದವನು. ಮಣ್ಣಾಳು ಭೂಮಿ ಕೈಬದಲಾದರೆ ಅದರ ಜೊತೆಗೇ ಹೋಗುವವನು. ಮಣ್ಣಾಳು ಎಂಬ ಮಾತನ್ನು ಗಟ್ಟಿಯಾಗಿ ಹೇಳಿಕೊಂಡರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಮಧ್ಯಾಹ್ನ ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡಿಗೆ ಹೋದೆ. ಹೋಗಲು ನನ್ನದೇ ಒಂದು ಕಾರಣವಿತ್ತು. ಅಜ್ಜನ ಮನೆಯ ಅಟ್ಟದಲ್ಲಿ ಗೇಣಿ ಭತ್ತ ಅಳೆಯುತ್ತಿದ್ದ ಕೊಳಗವೊಂದಿದೆ. ಚಿಕ್ಕವನಿದ್ದಾಗ ಅದನ್ನು ಬೋರಲು ಹಾಕಿ ಕೂತು ಆಡಿದ್ದೇನೆ. ಅದು ಎಷ್ಟು ಸೇರಿನದೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾಗೋಡಿನಲ್ಲಿ ಜಗಳ ಹುಟ್ಟಿದ್ದು ಆ ಅಳತೆಯ ಮೇಲೇ. ಗೇಣಿಯನ್ನು ಮೂರು ಸೇರಿನ ಕೊಳಗದಲ್ಲಿ ಅಳೆಯಬೇಕೆಂದು ರೈತರು ಕೇಳಿದರು. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದಿತ್ತು. ಒಂದು ಕೊಳಗಕ್ಕೆ ಒಂದು ಹಿಡಿ ಹೆಚ್ಚಾದರೂ ವರ್ಷದ ಗೇಣಿಗೆ ಅದು ಎಷ್ಟು ಊಟವಾಗುತ್ತಿತ್ತೆಂದು ಅಳೆದು ಕೊಟ್ಟವರಿಗೆ ಗೊತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಬೆನ್ನಿಗೆ ನಿಂತಿತು, ಸಮಾಜವಾದಿಗಳು ಬಂದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಒಡೆಯರು ಉಳಬೇಡಿ ಎಂದ ಗದ್ದೆಗೆ ನೇಗಿಲು ಹೊತ್ತು ಇಳಿದು ಜನ ತಂಡತಂಡವಾಗಿ ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು.

ಈಗ ಅಲ್ಲಿ ನಿಂತರೆ ಕಾಣುವುದು ತಣ್ಣಗಿನ ಗದ್ದೆ, ತೋಟ, ಹೆಂಚಿನ ಮನೆ. ಏರಿಯ ಮೇಲೆ ತುಸು ಹೊತ್ತು ಕೂತೆ. ಈ ಕೆಸರಿನಿಂದ ಹೊರಟ ಮಾತು ವಿಧಾನಸೌಧ ಮುಟ್ಟಲು ಎರಡು ದಶಕ ಹಿಡಿಯಿತು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ಕೂತವು, ಉಳುವವನೇ ಒಡೆಯನಾದ. ನಮ್ಮ ಮನೆಯ ಗದ್ದೆಗಳೂ ಹೋದವು. ಅದನ್ನು ಅನ್ಯಾಯವೆಂದು ಕೇಳುತ್ತಲೇ ಬೆಳೆದ ನನಗೆ ಅದು ನ್ಯಾಯವೆಂದು ತಿಳಿಯುವಾಗ ತಡವಾಗಿತ್ತು.

ರಾತ್ರಿ ಉಳಿದದ್ದು ಪರಿಚಯದವರೊಬ್ಬರ ಮನೆಯಲ್ಲಿ. ಅವರ ಅಜ್ಜ ಗೇಣಿದಾರ. ಅರ್ಜಿ ಹಾಕಿ ಬಂದ ಗದ್ದೆ ಈಗ ಅಡಿಕೆ ತೋಟ. ರಾಶಿ ಇಡಿ ಅಡಿಕೆ ಕ್ವಿಂಟಲಿಗೆ ಅರ್ಧ ಲಕ್ಷ ರೂಪಾಯಿಯ ಆಚೀಚೆ ಇದ್ದ ಕಾಲ. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅಂಗಳದಲ್ಲಿ ಕಾರಿದೆ. ಆ ಕುಟುಂಬ ಹೀಗೆ ಎದ್ದು ನಿಂತದ್ದು ನೋಡಿ ಮನಸ್ಸು ತುಂಬಿತು.

ಅಂಗಳದ ಬಲ್ಬಿನ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಹಂಡೆ ಕುದಿಯುತ್ತಿತ್ತು, ಚೊಗರಿನ ವಾಸನೆ. ಸುಲಿದಷ್ಟಕ್ಕೆ, ಡಬ್ಬದ ಲೆಕ್ಕದಲ್ಲಿ ಕೂಲಿ. ಎಪ್ಪತ್ತು ದಾಟಿದಂತಿದ್ದ ಅಜ್ಜಿಯೊಬ್ಬರ ಪಕ್ಕ ಕೂತೆ. ಬೆರಳ ತುದಿಗಳು ಕಪ್ಪುಗಟ್ಟಿದ್ದವು. ಅವರಿಗೂ ಆಗ ಭೂಮಿ ಬಂತೇ ಎಂದು ಕೇಳಿದೆ.

"ಗೇಣಿ ಮಾಡ್ತಿದ್ದೋರಿಗೆ ಬಂತು ತಮ್ಮಾ. ನಮ್ಮಪ್ಪ ಕೂಲಿಯೋನು. ಯಾವ ಗದ್ದೆ ನಂದು ಅಂತ ಅರ್ಜಿ ಬರೀಬೇಕಿತ್ತು?"

ಕೈ ನಿಲ್ಲಲಿಲ್ಲ. ಅವರ ಈಗಿನ ಮನೆ ಇರುವುದು ಕಾಡು ಎಂದು ದಾಖಲೆಯಲ್ಲಿರುವ ಜಾಗದಲ್ಲಂತೆ. ಮಗ ಬಗರ್‌ಹುಕುಂ ಅರ್ಜಿ ಹಾಕಿದ್ದಾನೆ. ಅದರ ರಸೀದಿಯನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದಾರೆ. ಉಳುವವನಿಗೆ ಭೂಮಿ ಎಂದ ಕಾನೂನಿಗೆ ಸಾಕ್ಷಿಯಾಗಿ ಗೇಣಿ ಬೇಕಿತ್ತು. ಗೇಣಿಯ ಗದ್ದೆಯೂ ಇಲ್ಲದೆ ದುಡಿದವರು, ಹುಟ್ಟಾಳುಗಳ ಮಕ್ಕಳು ಮೊಮ್ಮಕ್ಕಳು, ಆ ಅರ್ಜಿಯ ಸಾಲಿನಲ್ಲಿ ನಿಲ್ಲಲೇ ಆಗಲಿಲ್ಲ. ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. ಅದು ಆಳನ್ನು ಬಿಡಿಸಿತು, ಕಾಲೂರಲು ನೆಲ ಕೊಡಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಐವತ್ತು ವರ್ಷ ಸಾಲದಾಯಿತೇ?

ಹನ್ನೊಂದರ ಹೊತ್ತಿಗೆ ಸುಲಿದದ್ದನ್ನು ಅಳೆಯಲು ಮನೆಯ ಹುಡುಗ ಬಂದ. ಒಳ್ಳೆಯ ಹುಡುಗ, ಎಲ್ಲರಿಗೂ ಕಾಫಿ ತಂದುಕೊಟ್ಟವನು ಅವನೇ. ಅಜ್ಜಿಯ ಡಬ್ಬ ತುಂಬಿತು. ಅವನು ಅದನ್ನು ಹಿಡಿದು ಎರಡು ಸಲ ಕುಲುಕಿದ. ಅಡಿಕೆ ತಗ್ಗಿತು. ಅಜ್ಜಿ ಮಾತಾಡದೆ ಇನ್ನೊಂದು ಬೊಗಸೆ ಸುರಿದರು, ಕಣ್ಣು ಮಾತ್ರ ಅವನ ಕೈಯ ಮೇಲೇ ಇತ್ತು.