ನೆನಪಿನ ಬಗೆಗಳು

ನಾನು ವಾಸಿಸುವ ವಿದ್ಯಾಗಿರಿಯಲ್ಲಿ ಬೆಳಗಾಯಿತೆಂದರೆ ಬೀದಿಗಳು ಕಾಲೇಜಿಗೆ ಹೋಗುವ ತರುಣ ತರುಣಿಯರಿಂದ ತುಂಬಿಹೋಗುವವು. ಪರೀಕ್ಷೆಯ ದಿನಗಳಲ್ಲಂತೂ ಬಾಯಿಪಾಠ ಮಾಡುತ್ತಲೇ ನಡೆಯುವ ಆ ಹುಡುಗರನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೋಡುವದೇ ನನ್ನ ತಾಯಿಯ ಹೊತ್ತುಗಳೆ. ಆಕೆಗೀಗ 84 ವರ್ಷ. ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ನಾನು ಚಹ ತಂದು ಮುಂದಿಟ್ಟಾಗ ಆಕೆಯು ಸೆರಗನ್ನು ಸರಿಪಡಿಸಿಕೊಂಡು, “ನೀವು ಯಾರ ಪೈಕಿರಿ, ಮಾಸ್ತರ?” ಎಂದು ಬಹು ವಿನಯದಿಂದ ಕೇಳಿದಳು. ಮೂವತ್ತು ವರ್ಷ ನಾನು ಮಾಸ್ತರಿಕೆ ಮಾಡಿದ್ದುಂಟು. ಅದು ಆಕೆಯಲ್ಲಿ ಉಳಿದಿತ್ತು, ಮಗನೆಂಬುದು ಅಳಿಸಿಹೋಗಿತ್ತು.

ಅಂದಿನಿಂದ ನಾನು ಮನಃಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದೆನು. ಸಮಾಧಾನಕ್ಕಾಗಿ ಓದಿದೆನೆಂದರೆ ಸುಳ್ಳಾದೀತು; ನನ್ನ ಹೆಸರು ಎಲ್ಲಿ ಕಳೆಯಿತೆಂದು ಹುಡುಕುವದಕ್ಕಾಗಿಯೇ ಓದಿದೆನು. ನಮ್ಮ ತಾರ್ಕಿಕರು ಸ್ಮೃತಿಯನ್ನು ಸಂಸ್ಕಾರದಿಂದ ಹುಟ್ಟುವ ಜ್ಞಾನವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಈಚಿನವರು ದೀರ್ಘಕಾಲದ ನೆನಪು ಒಂದೇ ಕಣಜವಲ್ಲವೆನ್ನುವರು. ಕೆನಡಾ ದೇಶದಲ್ಲಿದ್ದ ಎಂಡೆಲ್ ಟುಲ್ವಿಂಗ್ ಎಂಬ ಪಂಡಿತನು 1972ರಲ್ಲಿ, ಇಂಥ ದಿನ ಇಂಥಲ್ಲಿ ನನಗೆ ಹೀಗಾಯಿತೆಂಬ ಪ್ರಸಂಗದ ನೆನಪು ಬೇರೆ, ಲೋಕದ ಸಂಗತಿಗಳನ್ನೂ ಶಬ್ದಾರ್ಥಗಳನ್ನೂ ತಿಳಿದಿರುವ ನೆನಪು ಬೇರೆ ಎಂದು ವಿಂಗಡಿಸಿದನು. ಇದು ಪಂಡಿತರ ಕೂದಲು ಸೀಳುವ ಆಟವೆಂದು ಮೊದಲು ನನಗೆನಿಸಿತು. ಆದರೆ ಬನಶಂಕರಿಯ ತೇರು ಎಂದು ಎಂದು ಕೇಳಿದರೆ, “ಬನದ ಹುಣ್ಣಿವಿಗೆ” ಎಂದು ಅವ್ವನು ಥಟ್ಟನೆ ಹೇಳುವಳು. ಅದೇ ಜಾತ್ರೆಯಲ್ಲಿ ನಾನು ಐದು ವರ್ಷದವನಿದ್ದಾಗ ತಪ್ಪಿಸಿಕೊಂಡು ಆಕೆಯು ಹೊತ್ತು ಮುಳುಗುವವರೆಗೆ ಅಳುತ್ತ ಹುಡುಕಿದ್ದು ಆಕೆಗೆ ಬೇರೆ ಯಾರದೋ ಕಥೆ. ಜಾತ್ರೆ ಉಳಿದಿದೆ, ಕಳೆದುಹೋದ ಕೂಸು ಉಳಿದಿಲ್ಲ.

ಮರೆವಿಗೂ ಒಂದು ಕ್ರಮವುಂಟು. ಹೊಸದು ಮೊದಲು ಹೋಗುವದು, ಹಳೆಯದು ಕೊನೆಗೆ ಹೋಗುವದು ಎಂದು ಫ್ರಾನ್ಸಿನ ರಿಬೋ ಎಂಬವನು 1881ರಲ್ಲಿಯೇ ಬರೆದನು. ಅವ್ವನಲ್ಲಿ ಮೊದಲು ಅಳಿದದ್ದು ವಿದ್ಯಾಗಿರಿಯ ಈ ಮನೆ. “ಮನಿಗೆ ಹೋಗೂಣು ನಡೀರಿ, ಹೊತ್ತಾತು” ಎಂದು ಸಂಜೆಯಾದರೆ ಎದ್ದು ನಿಲ್ಲುವಳು. ಆಕೆಯ ಮನೆಯೆಂದರೆ ಹಳೆಯ ಬಾಗಿಲಕೋಟೆಯ ತಗ್ಗಿನ ಓಣಿಯಲ್ಲಿ, ಘಟಪ್ರಭೆಗೆ ಹತ್ತಿರವಾಗಿ, ಮಣ್ಣಿನ ಮಾಳಿಗೆಯದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಅದರ ಹಿನ್ನೀರು ಊರಿನ ಆ ಭಾಗವನ್ನು ನುಂಗಿತು. ಪರಿಹಾರ ಬಂದಿತು, ನವನಗರ ಎದ್ದಿತು, ನಾವು ಗುಡ್ಡವೇರಿದೆವು.

ಇಲ್ಲಿ ನನ್ನ ತಪ್ಪೊಂದನ್ನು ವಾಚಕರ ಮುಂದೆ ಹೇಳಲೇಬೇಕು. ಮಾಸ್ತರಿಕೆಯ ಹಟ ನನಗೆ ಬಿಟ್ಟಿರಲಿಲ್ಲ. ತಪ್ಪುತ್ತರವನ್ನು ತಿದ್ದದೆ ಇರಲಾರೆನು. “ಆ ಮನಿ ನೀರಾಗ ಮುಳಿಗೇತಿ, ಅವ್ವಾ” ಎಂದು ದಿನವೂ ಹೇಳುತ್ತಿದ್ದೆ. ಆಕೆಗೆ ಆ ಸುದ್ದಿ ದಿನವೂ ಮೊದಲ ಸಲ ಬಂದದ್ದು. ದಿನವೂ ಎದೆ ಬಡಿದುಕೊಂಡು, ದೇವರ ಜಗುಲಿಯನ್ನು ಯಾರು ತೆಗೆದರೆಂದು ಕೇಳಿ ಅಳುವಳು. ತಾಸಿನೊಳಗೆ ಸುದ್ದಿ ಮರೆತುಹೋಗುತ್ತಿತ್ತು. ಆದರೆ ರಾತ್ರಿ ನಾನು ಊಟಕ್ಕೆ ಕರೆದರೆ ಮುಖ ತಿರುಗಿಸಿ, ಸೊಸೆಯ ಕೈಯಿಂದ ಮಾತ್ರ ಉಣ್ಣುತ್ತಿದ್ದಳು. ಕಾರಣ ಕೇಳಿದರೆ ಆಕೆಗೂ ಗೊತ್ತಿಲ್ಲ.

ಜಿನೀವಾದ ವೈದ್ಯ ಕ್ಲಾಪರೇಡನು 1911ರಲ್ಲಿ ಬರೆದ ಒಂದು ಸಂಗತಿಯನ್ನು ಓದಿದಾಗ ನನಗೆ ತಲೆ ತಗ್ಗಿಸುವಂತಾಯಿತು. ಹೊಸದೇನೂ ನೆನಪಿನಲ್ಲಿ ನಿಲ್ಲದ ಒಬ್ಬ ಹೆಂಗಸಿನ ಕೈ ಹಿಡಿಯುವಾಗ ಆತನು ತನ್ನ ಅಂಗೈಯಲ್ಲಿ ಸೂಜಿಯನ್ನು ಅಡಗಿಸಿ ಚುಚ್ಚಿದನು. ಚುಚ್ಚಿದ್ದು ಆಕೆಗೆ ಮರೆಯಿತು. ಮುಂದೆ ಆತನು ಕೈ ನೀಡಿದಾಗ ಮಾತ್ರ, ಏಕೆಂದು ತಿಳಿಯದೆಯೇ, ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡಳಂತೆ. ಆ ಸೂಜಿಯನ್ನು ನಾನು ತಿಂಗಳುಗಟ್ಟಲೆ ಹಿಡಿದಿದ್ದೆನು. ಈಗ ನಾನು ತಿದ್ದುವದಿಲ್ಲ. “ಉಂಡು ಹೋಗೂಣು” ಎನ್ನುತ್ತೇನೆ. ಸುಳ್ಳೆಂದು ಬಲ್ಲೆ.

ಮೂರನೆಯ ಬಗೆಯೊಂದಿದೆ, ಕೈಯ ನೆನಪು. ಅಮೇರಿಕೆಯ ಹೆನ್ರಿ ಮೊಲೈಸನ್ ಎಂಬವನಿಗೆ ಅಪಸ್ಮಾರದ ಚಿಕಿತ್ಸೆಗೆಂದು 1953ರಲ್ಲಿ ಮಿದುಳಿನ ಶಸ್ತ್ರಕ್ರಿಯೆಯಾಗಿ, ಅಲ್ಲಿಂದ ಮುಂದೆ ನಡೆದದ್ದಾವದೂ ಆತನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವದಕ್ಕೆ ಆತನಿಗೆ ಕೊಟ್ಟಳು. ದಿನದಿಂದ ದಿನಕ್ಕೆ ಕೈ ಪಳಗಿತು. ತಾನು ಅದನ್ನೆಂದೂ ಮಾಡಿಲ್ಲವೆಂದೇ ಆತನ ತಿಳಿವಳಿಕೆ.

ಅವ್ವನ ತವರು ಇಲಕಲ್ಲ, ನೇಕಾರರ ಮನೆ. ಇಲಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಶಿಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆಯಿಂದ ಕೂಡಿಸುವದಕ್ಕೆ ಕೊಂಡಿಯೆನ್ನುವರು. ಆದ್ದರಿಂದಲೇ ಅಲ್ಲಿ ಸೀರೆಗೊಂದು ಹಾಸನ್ನು ಹೂಡಬೇಕಾಗುವದು. ಮದುವೆಗೆ ಮೊದಲು ಅವ್ವನ ಕೆಲಸ ಇದೇ ಆಗಿತ್ತೆಂದು ಸೋದರಮಾವನಿಂದ ಕೇಳಿದ್ದೆನು. ನಾನು ಕಣ್ಣಾರೆ ಕಂಡಿದ್ದಿಲ್ಲ.

ದೀಪಾವಳಿಯ ಮುಂದೆ ನನ್ನ ಹೆಂಡತಿಯು ಹರಿದ ಸೀರೆಯ ಎಳೆಗಳನ್ನು ಅಂಗಳದಲ್ಲಿ ಬಿಡಿಸುತ್ತ ಕುಳಿತಿದ್ದಳು. ಅವ್ವನು ಎರಡೆಳೆಗಳನ್ನೆತ್ತಿಕೊಂಡು, ಕೆಂಪನ್ನು ಮಡಿಸಿ ಕುಣಿಕೆ ಮಾಡಿ, ಕಪ್ಪನ್ನು ಅದರೊಳಗೆ ತೂರಿಸಿ, ಬೆರಳಿನಿಂದ ಹೊಸೆದು ಎಳೆದಳು. ಮತ್ತೆರಡು. ಮತ್ತೆರಡು. ಕಣ್ಣು ಬೀದಿಯ ಹುಡುಗರ ಮೇಲಿತ್ತು. ಕೈ ಒಮ್ಮೆಯೂ ತಡವರಿಸಲಿಲ್ಲ.

“ಯಾರ ಕಲಿಸ್ಯಾರಬೇ ಇದನ್ನ?” ಎಂದು ಕೇಳಿದೆ.

“ಏನನ್ನ?” ಎಂದಳು. ಆಮೇಲೆ ನನ್ನತ್ತ ನೋಡಿ, “ಸುಮ್ನ ಯಾಕ ನಿಂತೀರಿ ಮಾಸ್ತರ? ಈ ತುದಿ ಹಿಡೀರಿ, ಬಿಗಿ ಇರಲಿ” ಎಂದಳು. ನಾನು ಆಕೆಯೆದುರಿಗೆ ನೆಲದ ಮೇಲೆ ಕುಳಿತು ಆ ತುದಿಯನ್ನು ಹಿಡಿದೆನು.